ನೀರಿನ ಫಿಲ್ಟರ್ ನಿರ್ವಹಣೆ: ಟಿಡಿಎಸ್ ಮೀಟರ್ ಹೇಳದೆ ಬಿಡುವುದೇನು?

ಪೆನ್ನಿನ ಗಾತ್ರದ ಒಂದು ಚಿಕ್ಕ ಉಪಕರಣವನ್ನು ನೀವು ನೋಡಿರಬಹುದು. ನೀರು ಶುದ್ಧೀಕರಿಸುವ ಯಂತ್ರವನ್ನು ಮಾರಲು ಅಥವಾ ದುರಸ್ತಿ ಮಾಡಲು ಬಂದವರು ಅದನ್ನು ಮೊದಲು ಕೊಳವೆಬಾವಿಯ ನೀರಿನಲ್ಲಿ ಅದ್ದುತ್ತಾರೆ. ಅದು 1200 ಎಂದು ತೋರಿಸುತ್ತದೆ ಎನ್ನೋಣ. ಅನಂತರ ಯಂತ್ರದಿಂದ ಬಂದ ನೀರಿನಲ್ಲಿ ಅದ್ದುತ್ತಾರೆ. ಈಗ ಅದು 60 ಎಂದು ತೋರಿಸುತ್ತದೆ. ‘ನೋಡಿ, ನೀರು ಶುದ್ಧವಾಯಿತು’ ಎನ್ನುತ್ತಾರೆ. ನಾವೂ ಒಪ್ಪಿಬಿಡುತ್ತೇವೆ. ಸಂಖ್ಯೆಯೊಂದು ಕಣ್ಣೆದುರಿಗೇ ಇಳಿದಾಗ ಒಪ್ಪದಿರುವುದು ಹೇಗೆ?

ಯಾದಗಿರಿ, ಶಹಾಪುರ ಮತ್ತು ಸುರಪುರ ತಾಲ್ಲೂಕುಗಳಲ್ಲಿ ಈ ಪ್ರಶ್ನೆಗೆ ವಿಶೇಷ ಮಹತ್ವವಿದೆ. ಕೃಷ್ಣಾ ಮತ್ತು ಭೀಮಾ ನದಿಗಳು ಹರಿಯುವ ನಾಡು ಇದು. ಆದರೂ ಇಲ್ಲಿನ ಅನೇಕ ಹಳ್ಳಿಗಳು ಬಹುಕಾಲ ಕೊಳವೆಬಾವಿಯ ನೀರನ್ನೇ ನಂಬಿದ್ದವು. ಕಣಶಿಲೆಯ ಈ ಪ್ರದೇಶದಲ್ಲಿ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಸುರಪುರ ತಾಲ್ಲೂಕಿನ ಕೆಲವು ಕಡೆ ಆರ್ಸೆನಿಕ್ ಕೂಡ ಇದೆ. ಇಂತಹ ಕಡೆ ಫಿಲ್ಟರ್ ಎಂಬುದು ರುಚಿಯ ಅಥವಾ ಅನುಕೂಲದ ವಸ್ತುವಲ್ಲ, ಅದು ಆರೋಗ್ಯದ ಕಾವಲು. ಕಾವಲುಗಾರ ಎಚ್ಚರವಾಗಿದ್ದಾನೆಯೇ ಎಂದು ತಿಳಿಯುವ ಕ್ರಮ ಸರಿಯಿಲ್ಲದಿದ್ದರೆ ಕಾವಲಿದ್ದೂ ಪ್ರಯೋಜನವಿಲ್ಲ. ಫಿಲ್ಟರ್ ನಿರ್ವಹಣೆಯ ಬಗ್ಗೆ ನಮ್ಮಲ್ಲಿ ಬೇರೂರಿರುವ ಮೂರು ನಂಬಿಕೆಗಳನ್ನು ಈ ಲೇಖನದಲ್ಲಿ ಒಂದೊಂದಾಗಿ ಪರಿಶೀಲಿಸೋಣ.

ಯಂತ್ರದೊಳಗೆ ಏನಿದೆ?

ಮನೆಯ ‘ಆರ್‌ಒ’ ಯಂತ್ರಕ್ಕೂ ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕಕ್ಕೂ ಗಾತ್ರದಲ್ಲಿ ವ್ಯತ್ಯಾಸವೇ ಹೊರತು ತತ್ತ್ವದಲ್ಲಿ ಇಲ್ಲ. ನೀರು ಮೊದಲು ಮಣ್ಣು, ಮರಳಿನ ಕಣಗಳನ್ನು ತಡೆಯುವ ಸೆಡಿಮೆಂಟ್ ಫಿಲ್ಟರ್ ಮೂಲಕ ಹಾಯುತ್ತದೆ. ಎರಡನೆಯದು ಸಕ್ರಿಯ ಇದ್ದಿಲಿನ ಕಾರ್ಬನ್ ಫಿಲ್ಟರ್. ಇದು ಕ್ಲೋರಿನ್ ಹಾಗೂ ಕೆಲವು ಸಾವಯವ ವಸ್ತುಗಳನ್ನು ತೆಗೆಯುತ್ತದೆ. ಮೂರನೆಯದು ಮೆಂಬ್ರೇನ್, ಅಂದರೆ ಅರೆಪ್ರವೇಶ್ಯ ಪೊರೆ. ಪಂಪಿನ ಒತ್ತಡದಿಂದ ನೀರಿನ ಅಣುಗಳು ಈ ಪೊರೆಯನ್ನು ದಾಟುತ್ತವೆ. ಕರಗಿದ ಲವಣಗಳ ಬಹುಭಾಗ ಹಿಂದೆಯೇ ಉಳಿದು, ಬೇರೆ ಕೊಳವೆಯ ಮೂಲಕ ಹೊರಹೋಗುತ್ತದೆ. ಇದೇ ವಿಲೋಮ ಪರಾಸರಣ ಅಥವಾ ರಿವರ್ಸ್ ಆಸ್ಮೋಸಿಸ್. ಇದಕ್ಕೆ ಬಳಕೆಯೋಗ್ಯವಾದ ಪೊರೆಯನ್ನು 1960ರ ಸುಮಾರಿಗೆ ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್ ತಯಾರಿಸಿದರು.

ಈ ಭಾಗಗಳಲ್ಲಿ ಒಂದು ಇನ್ನೊಂದನ್ನು ಅವಲಂಬಿಸಿದೆ ಎಂಬುದನ್ನು ಗಮನಿಸಿ. ಇಂದಿನ ಮೆಂಬ್ರೇನುಗಳಿಗೆ ಕ್ಲೋರಿನ್ ಶತ್ರು. ಕಾರ್ಬನ್ ಸತ್ತ್ವ ಕಳೆದುಕೊಂಡರೆ ಕ್ಲೋರಿನ್ ಮುಂದೆ ಹೋಗಿ ಮೆಂಬ್ರೇನನ್ನು ಹಾಳುಮಾಡುತ್ತದೆ. ಸೆಡಿಮೆಂಟ್ ಫಿಲ್ಟರ್ ಕಟ್ಟಿಕೊಂಡರೆ ಒತ್ತಡ ಇಳಿಯುತ್ತದೆ. ಒತ್ತಡ ಇಳಿದರೆ ಬರುವ ನೀರೂ ಕಡಿಮೆ, ಅದರ ಶುದ್ಧತೆಯೂ ಕಡಿಮೆ.

ಹವಳದ ತೊಟ್ಟಿಯಿಂದ ಒಂದು ಪಾಠ

ಇದೇ ಯಂತ್ರವನ್ನು ಇನ್ನೊಂದು ಕೆಲಸಕ್ಕೆ ಬಳಸುವವರಿದ್ದಾರೆ. ಮನೆಯಲ್ಲಿ ಸಮುದ್ರದ ಅಕ್ವೇರಿಯಂ ಇಟ್ಟು ಹವಳದ ಜೀವಿಗಳನ್ನು ಸಾಕುವ ಹವ್ಯಾಸಿಗಳು ನಲ್ಲಿಯ ನೀರಿಗೆ ನೇರವಾಗಿ ಉಪ್ಪು ಬೆರೆಸುವುದಿಲ್ಲ. ಮೊದಲು ಆರ್‌ಒ ಯಂತ್ರದಲ್ಲಿ, ಅನಂತರ ಅಯಾನುಗಳನ್ನು ಹಿಡಿಯುವ ರಾಳದಲ್ಲಿ ನೀರನ್ನು ಹಾಯಿಸಿ, ಬಹುತೇಕ ಲವಣರಹಿತವಾದ ಮೇಲೆ ಅಳತೆಯ ಉಪ್ಪು ಸೇರಿಸುತ್ತಾರೆ. (ನಮ್ಮ ದೇಶದಲ್ಲಿ ಗಟ್ಟಿ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಅವುಗಳನ್ನು ಸಮುದ್ರದಿಂದ ಕೀಳುವುದು ಅಪರಾಧ ಎಂಬುದನ್ನು ವಿದ್ಯಾರ್ಥಿಗಳಿಗೆ ಹೇಳಲೇಬೇಕು.)

ಸಮುದ್ರದಿಂದ ದೂರದ ಯಾದಗಿರಿಯವರಿಗೆ ಇದರಿಂದ ಏನು ಪಾಠ? ಈ ಹವ್ಯಾಸಿಗಳು ಮೂರು ಕಡೆ ಅಳೆಯುತ್ತಾರೆ: ಯಂತ್ರಕ್ಕೆ ಹೋಗುವ ನೀರು, ಮೆಂಬ್ರೇನ್ ದಾಟಿದ ನೀರು, ರಾಳ ದಾಟಿದ ನೀರು. ಯಾವ ಭಾಗ ಸೋತಿದೆ ಎಂಬುದು ಇದರಿಂದ ತಿಳಿಯುತ್ತದೆ. ಮೀಟರ್ ಸೊನ್ನೆ ತೋರಿಸಿದ ಮೇಲೂ ಎಚ್ಚರ ತಪ್ಪುವುದಿಲ್ಲ. ಏಕೆಂದರೆ ರಾಳ ತುಂಬುತ್ತಾ ಬಂದಾಗ, ಅದು ಸಡಿಲವಾಗಿ ಹಿಡಿದಿದ್ದ ಸಿಲಿಕಾ ಮೊದಲು ಹೊರಬರುತ್ತದೆ. ಸಾಧಾರಣ ನೀರಿನಲ್ಲಿ ಸಿಲಿಕಾ ಬಹುತೇಕ ವಿದ್ಯುದಂಶವಿಲ್ಲದ ರೂಪದಲ್ಲಿರುವುದರಿಂದ ಅದು ಮೀಟರಿಗೆ ಕಾಣುವುದೇ ಇಲ್ಲ. ಹಾಗಾಗಿ ಸಿಲಿಕೇಟ್, ಫಾಸ್ಫೇಟ್, ನೈಟ್ರೇಟುಗಳನ್ನು ಅವರು ಬೇರೆ ಬೇರೆ ಪರೀಕ್ಷೆಗಳಿಂದ ನೋಡಿಕೊಳ್ಳುತ್ತಾರೆ.

ಇಷ್ಟು ಎಚ್ಚರ ಏಕೆ? ನೀರು ಕೆಟ್ಟರೆ ತೊಟ್ಟಿಯಲ್ಲಿ ಕೆಲವೇ ದಿನಗಳಲ್ಲಿ ಪಾಚಿ ಹಬ್ಬುತ್ತದೆ, ಹವಳ ಬಾಡುತ್ತದೆ. ತಪ್ಪಿನ ಫಲ ಬೇಗ ಕಣ್ಣಿಗೆ ಬೀಳುತ್ತದೆ. ಮನುಷ್ಯನ ದೇಹದ ವಿಷಯ ಹಾಗಲ್ಲ. ಫ್ಲೋರೈಡಿನ ಹೆಚ್ಚಳ ಮಗುವಿನ ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗ ಕೆಲಸ ಮಾಡುತ್ತದೆ. ಕಲೆ ಕಾಣುವುದು ವರ್ಷಗಳ ನಂತರ, ಶಾಶ್ವತ ಹಲ್ಲು ಹೊರಬಂದಾಗ. ಆರ್ಸೆನಿಕ್ಕಿನಿಂದ ಚರ್ಮದ ಮೇಲೆ ಚುಕ್ಕೆ, ಅಂಗೈ ಅಂಗಾಲುಗಳಲ್ಲಿ ಗಂಟು ಮೂಡಲು ಸಾಮಾನ್ಯವಾಗಿ ಹಲವು ವರ್ಷಗಳೇ ಬೇಕು. ತಡವಾಗಿ ದೂರು ಹೇಳುವ ದೇಹಕ್ಕೆ ಹವಳಕ್ಕಿಂತ ಹೆಚ್ಚಿನ ಎಚ್ಚರ ಬೇಕು. ನಾವು ಕೊಡುತ್ತಿರುವುದು ಕಡಿಮೆ.

ಮೊದಲ ನಂಬಿಕೆ: ಟಿಡಿಎಸ್ ಕಡಿಮೆಯಾದರೆ ನೀರು ಶುದ್ಧ

ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿರುವ ಘನವಸ್ತುಗಳ ಒಟ್ಟು ಮೊತ್ತ. ಆದರೆ ಪೆನ್ನಿನಂತಹ ಮೀಟರ್ ಈ ಮೊತ್ತವನ್ನು ತೂಗುವುದಿಲ್ಲ. ಅದು ನೀರಿನ ವಿದ್ಯುತ್ ವಾಹಕತೆಯನ್ನು ಅಳೆದು, ಅದನ್ನು ಸುಮಾರು 0.5ರಿಂದ 0.7ರವರೆಗಿನ ಒಂದು ಅಂಶದಿಂದ ಗುಣಿಸಿ ತೋರಿಸುತ್ತದೆ. ಅಡುಗೆಯ ಉಪ್ಪು, ಸುಣ್ಣದ ಅಂಶ, ಫ್ಲೋರೈಡ್ ಎಲ್ಲವೂ ಅದಕ್ಕೆ ಒಂದೇ ರಾಶಿ.

ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಟಿಡಿಎಸ್ ಲೀಟರಿಗೆ 500 ಮಿ.ಗ್ರಾಂ ಒಳಗಿರಬೇಕು. ಬೇರೆ ಮೂಲವಿಲ್ಲದಿದ್ದರೆ 2000ದವರೆಗೆ ಸಹಿಸಬಹುದು. ಫ್ಲೋರೈಡಿಗೆ ಮಿತಿ 1 ಮಿ.ಗ್ರಾಂ, ಬೇರೆ ಮೂಲವಿಲ್ಲದಿದ್ದರೆ 1.5. ಆರ್ಸೆನಿಕ್ಕಿಗೆ 0.01 ಮಿ.ಗ್ರಾಂ, ಅಂದರೆ 10 ಮೈಕ್ರೋಗ್ರಾಂ. ಈ ಮೂರು ಸಂಖ್ಯೆಗಳ ಗಾತ್ರವನ್ನು ಹೋಲಿಸಿ ನೋಡಿ.

ಸುರಪುರ ತಾಲ್ಲೂಕಿನ ಮಂಗಳೂರಿನ ಸುತ್ತ (ಇದು ಕರಾವಳಿಯ ಮಂಗಳೂರಲ್ಲ) ಹಿಂದೆ ಚಿನ್ನದ ಗಣಿಗಾರಿಕೆ ನಡೆದಿತ್ತು. ಚಿನ್ನದ ಅದಿರಿನ ಜೊತೆಗೆ ಆರ್ಸೆನಿಕ್ ಇರುವ ಖನಿಜಗಳು ಸಿಗುವುದು ಭೂವಿಜ್ಞಾನದಲ್ಲಿ ಸಾಮಾನ್ಯ ಸಂಗತಿ. ಈ ಪ್ರದೇಶದ ಕಿರದಳ್ಳಿ ತಾಂಡಾದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಕೊಳವೆಬಾವಿಗಳ 59 ಮಾದರಿಗಳನ್ನು ಪರೀಕ್ಷಿಸಿತು. ಅವುಗಳಲ್ಲಿ ಶೇ. 79ರಲ್ಲಿ ಆರ್ಸೆನಿಕ್ 10 ಮೈಕ್ರೋಗ್ರಾಂ ಮೀರಿತ್ತು. ಅತಿ ಹೆಚ್ಚಿನ ಪ್ರಮಾಣ 303 ಮೈಕ್ರೋಗ್ರಾಂ. ಪರೀಕ್ಷಿಸಿದ 181 ಜನರಲ್ಲಿ ಶೇ. 58.6ರಷ್ಟು ಮಂದಿಯ ಚರ್ಮದಲ್ಲಿ ಆರ್ಸೆನಿಕ್ಕಿನ ಲಕ್ಷಣಗಳು ಕಂಡವು.

ಈಗ ಒಂದು ಲೆಕ್ಕ ಮಾಡೋಣ. 303 ಮೈಕ್ರೋಗ್ರಾಂ ಎಂದರೆ 0.3 ಮಿ.ಗ್ರಾಂ. ನೀರಿನ ಟಿಡಿಎಸ್ 800 ಇದ್ದು, ಮೀಟರಿನ ದೋಷ ಶೇ. 2 ಎಂದುಕೊಂಡರೆ, ಅದರ ಓದು 16 ಮಿ.ಗ್ರಾಂನಷ್ಟು ಅತ್ತಿತ್ತ ಆಗಬಹುದು. ಮಿತಿಗಿಂತ 30 ಪಟ್ಟು ಹೆಚ್ಚಿರುವ ವಿಷ, ಮೀಟರಿನ ದೋಷದ ಐವತ್ತರಲ್ಲಿ ಒಂದು ಪಾಲೂ ಇಲ್ಲ! ಸಾಸಿವೆಯನ್ನು ಜೋಳದ ಚೀಲದ ತಕ್ಕಡಿಯಲ್ಲಿ ತೂಗಿದ ಹಾಗಾಯಿತು.

ವಿಷಯ ಇಷ್ಟಕ್ಕೇ ನಿಲ್ಲುವುದಿಲ್ಲ. ನೀರಿನಲ್ಲಿ ಆರ್ಸೆನಿಕ್ ಎರಡು ಮುಖ್ಯ ರೂಪಗಳಲ್ಲಿರುತ್ತದೆ. ಆರ್ಸೆನೇಟ್ ಎಂಬ ರೂಪಕ್ಕೆ ವಿದ್ಯುದಂಶವಿದೆ. ಮೆಂಬ್ರೇನ್ ಅದನ್ನು ಚೆನ್ನಾಗಿ ತಡೆಯುತ್ತದೆ. ಆರ್ಸೆನೈಟ್ ಎಂಬ ರೂಪಕ್ಕೆ ಸಾಧಾರಣ ಪಿಎಚ್‌ನಲ್ಲಿ ವಿದ್ಯುದಂಶವಿಲ್ಲ. ಮೆಂಬ್ರೇನ್ ಅದನ್ನು ಅಷ್ಟು ಚೆನ್ನಾಗಿ ತಡೆಯಲಾರದು, ವಾಹಕತೆಯ ಮೀಟರ್ ಅದನ್ನು ಗುರುತಿಸಲೂ ಆರದು. ಹಾಗಾಗಿ ಟಿಡಿಎಸ್ 800ರಿಂದ 40ಕ್ಕೆ ಇಳಿದರೂ ಆರ್ಸೆನಿಕ್ ಅದೇ ಪ್ರಮಾಣದಲ್ಲಿ ಇಳಿದಿದೆ ಎನ್ನಲಾಗದು. ಮೊದಲು ಕ್ಲೋರಿನ್ ಬೆರೆಸಿ ಆರ್ಸೆನೈಟನ್ನು ಆರ್ಸೆನೇಟಾಗಿ ಉತ್ಕರ್ಷಿಸಿ, ಉಳಿದ ಕ್ಲೋರಿನನ್ನು ಕಾರ್ಬನ್‌ನಲ್ಲಿ ತೆಗೆದು, ಅನಂತರ ಮೆಂಬ್ರೇನಿಗೆ ಬಿಡುವುದು ಇದಕ್ಕೆ ಒಂದು ಪರಿಹಾರ.

ವಿರುದ್ಧ ದಿಕ್ಕಿನ ಉದಾಹರಣೆಯೂ ಇದೆ. ಸಕ್ರಿಯ ಅಲ್ಯೂಮಿನಾ ತುಂಬಿದ ಫಿಲ್ಟರ್ ಫ್ಲೋರೈಡನ್ನು ಹೀರುತ್ತದೆ, ಒಟ್ಟು ಲವಣಗಳನ್ನು ಹೆಚ್ಚು ಕದಲಿಸುವುದಿಲ್ಲ. ಅದು ಚೆನ್ನಾಗಿ ಕೆಲಸ ಮಾಡುವಾಗಲೂ ಮೀಟರ್ ಮೊದಲಿನ ಸಂಖ್ಯೆಯನ್ನೇ ಸುಮಾರಾಗಿ ತೋರಿಸುತ್ತದೆ. ಅದರ ಶಕ್ತಿ ಮುಗಿದ ಮೇಲೂ ಅದೇ ಸಂಖ್ಯೆ. ನೀರಿನ ಹರಿವೂ ಬದಲಾಗದು, ರುಚಿಯೂ ಬದಲಾಗದು. ಫ್ಲೋರೈಡಿನ ಪರೀಕ್ಷೆಯೊಂದೇ ಸತ್ಯವನ್ನು ಹೇಳಬಲ್ಲದು.

ಹಾಗಾದರೆ ಟಿಡಿಎಸ್ ಮೀಟರ್ ನಿರುಪಯುಕ್ತವೇ? ಖಂಡಿತ ಅಲ್ಲ. ಅದು ನೀರಿನ ಶುದ್ಧತೆಯನ್ನು ಹೇಳುವುದಿಲ್ಲ, ಮೆಂಬ್ರೇನಿನ ಆರೋಗ್ಯವನ್ನು ಹೇಳುತ್ತದೆ. ಅದಕ್ಕಾಗಿ ಎರಡೂ ನೀರನ್ನು ಅಳೆದು ಅನುಪಾತ ತೆಗೆಯಬೇಕು. ಒಳಹೋಗುವ ನೀರು 1200, ಹೊರಬರುವ ನೀರು 60 ಇದ್ದರೆ ಶೇ. 5ರಷ್ಟು ಲವಣ ನುಸುಳಿದೆ. ಒಂದೆರಡು ವರ್ಷಗಳ ಬಳಿಕ ಅದು 240 ಆಯಿತು ಎನ್ನಿ. ‘ಇನ್ನೂ 500ಕ್ಕಿಂತ ಕಡಿಮೆ ಇದೆಯಲ್ಲ’ ಎಂದು ಮನೆಯವರು ಸುಮ್ಮನಿರುತ್ತಾರೆ. ಆದರೆ ನುಸುಳುವ ಪಾಲು ಶೇ. 20ಕ್ಕೆ ಏರಿದೆ, ಅಂದರೆ ನಾಲ್ಕು ಪಟ್ಟು. ಮೂಲ ನೀರಿನಲ್ಲಿ 5 ಮಿ.ಗ್ರಾಂ ಫ್ಲೋರೈಡ್ ಇದ್ದು, ಅದೂ ಶೇ. 20ರಷ್ಟು ನುಸುಳಿದರೆ ಲೋಟದಲ್ಲಿ 1 ಮಿ.ಗ್ರಾಂ ಇರುತ್ತದೆ. ನೀವು ಈಗಾಗಲೇ ಮಿತಿಯ ಅಂಚಿನಲ್ಲಿದ್ದೀರಿ.

ಎರಡನೆಯ ನಂಬಿಕೆ: ಆರು ತಿಂಗಳಿಗೊಮ್ಮೆ ಬದಲಿಸಿದರೆ ಸಾಕು

ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಸೂತ್ರವಿದು. ಏನೂ ಮಾಡದಿರುವುದಕ್ಕಿಂತ ಇದು ಮೇಲು, ನೆನಪಿಡಲೂ ಸುಲಭ. ಆದರೆ ಫಿಲ್ಟರಿಗೆ ಕ್ಯಾಲೆಂಡರ್ ತಿಳಿಯದು. ಅದರ ಮೂಲಕ ಎಷ್ಟು ನೀರು, ಎಂತಹ ನೀರು ಹೋಯಿತು ಎಂಬುದೇ ಮುಖ್ಯ. ಮಳೆಗಾಲದಲ್ಲಿ ಕೆಂಪಾಗಿ ಬರುವ ಕಾಲುವೆಯ ನೀರಿಗೆ ಸೆಡಿಮೆಂಟ್ ಫಿಲ್ಟರ್ ಕೆಲವು ವಾರಗಳಲ್ಲೇ ಕಟ್ಟಬಹುದು. ತಿಳಿಯಾದ ಕೊಳವೆಬಾವಿಯ ನೀರಿಗೆ ಅದೇ ಫಿಲ್ಟರ್ ಬಹುಕಾಲ ಬಾಳಬಹುದು. ಹಾಗಾಗಿ ಪ್ರತಿ ಭಾಗಕ್ಕೂ ಅದರದೇ ಲಕ್ಷಣವನ್ನು ನೋಡಬೇಕು.

ಸೆಡಿಮೆಂಟ್ ಫಿಲ್ಟರಿಗೆ ಅದರ ಮುಂಚಿನ ಮತ್ತು ನಂತರದ ಒತ್ತಡದ ವ್ಯತ್ಯಾಸವೇ ಲಕ್ಷಣ. ಘಟಕಗಳಲ್ಲಿ ಒತ್ತಡದ ಮಾಪಕಗಳಿರುವುದು ಇದಕ್ಕಾಗಿಯೇ. ಕಾರ್ಬನ್ನಿಗೆ, ಅದನ್ನು ದಾಟಿದ ನೀರಿನಲ್ಲಿ ಕ್ಲೋರಿನ್ ಉಳಿದಿದೆಯೇ ಎಂಬ ಬಣ್ಣದ ಪರೀಕ್ಷೆ. ಮೆಂಬ್ರೇನಿಗೆ ಮೇಲೆ ಹೇಳಿದ ಅನುಪಾತ ಮತ್ತು ಗಂಟೆಗೆ ಎಷ್ಟು ಲೀಟರ್ ಬರುತ್ತದೆ ಎಂಬ ಅಳತೆ. ಒಂದು ಕೊಡ ತುಂಬಲು ಹಿಡಿಯುವ ನಿಮಿಷಗಳನ್ನು ಗಡಿಯಾರ ನೋಡಿ ಬರೆದಿಟ್ಟರೆ ಅದೇ ಸಾಕು.

ಇಲ್ಲಿ ನಮ್ಮ ಭಾಗದ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ನೀರಿನ ಉಷ್ಣತೆ ಒಂದು ಡಿಗ್ರಿ ಏರಿದರೆ ಮೆಂಬ್ರೇನ್ ದಾಟುವ ನೀರು ಸುಮಾರು ಶೇ. 3ರಷ್ಟು ಹೆಚ್ಚುತ್ತದೆ, ಲವಣವೂ ಹೆಚ್ಚು ನುಸುಳುತ್ತದೆ. ಯಾದಗಿರಿಯಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟಿ, ಮಾಳಿಗೆಯ ಮೇಲಿನ ಟ್ಯಾಂಕಿನ ನೀರು ಕಾದಿರುತ್ತದೆ. ಆಗ ಮೀಟರಿನ ಸಂಖ್ಯೆ ಏರಿದರೆ ಮೆಂಬ್ರೇನ್ ಹಾಳಾಗಿದೆ ಎಂದು ಹೇಳಲಾಗದು. ಚಳಿಗಾಲದಲ್ಲಿ ಹರಿವು ಇಳಿದರೆ ಕಟ್ಟಿಕೊಂಡಿದೆ ಎಂದೂ ಹೇಳಲಾಗದು. ಉಷ್ಣತೆಯನ್ನು ಬರೆದಿಡದೆ ಎರಡು ಋತುಗಳ ಸಂಖ್ಯೆಗಳನ್ನು ಹೋಲಿಸಿದರೆ ಒಳ್ಳೆಯ ಮೆಂಬ್ರೇನನ್ನು ಎಸೆದೇವು, ಕೆಟ್ಟದ್ದನ್ನು ಉಳಿಸಿಕೊಂಡೇವು. ಬಹುಪಾಲು ಮೆಂಬ್ರೇನುಗಳು 45 ಡಿಗ್ರಿಗಿಂತ ಬಿಸಿಯಾದ ನೀರಿಗೆ ತಕ್ಕವಲ್ಲ ಎಂಬುದೂ ನೆನಪಿರಲಿ.

ಕ್ಯಾಲೆಂಡರ್ ಸರಿಯಾಗುವ ಸ್ಥಳವೂ ಉಂಟು. ಅತಿನೇರಳೆ ದೀಪ ನೀಲಿಯಾಗಿ ಉರಿಯುತ್ತಲೇ ಇದ್ದರೂ ಸುಮಾರು 9000 ಗಂಟೆಗಳ, ಅಂದರೆ ಬಿಡದೆ ಉರಿದರೆ ಒಂದು ವರ್ಷದ ಬಳಿಕ, ರೋಗಾಣುಗಳನ್ನು ಕೊಲ್ಲುವ ಅದರ ಶಕ್ತಿ ಕುಂದುತ್ತದೆ. ಕಣ್ಣಿಗೆ ಇದು ತಿಳಿಯದು. ಹಾಗೆಯೇ ಹಳೆಯ ಕಾರ್ಬನ್ನಿನಲ್ಲಿ ಮತ್ತು ನೀರು ಶೇಖರವಾಗುವ ತೊಟ್ಟಿಯಲ್ಲಿ ಬ್ಯಾಕ್ಟೀರಿಯಗಳು ಬೆಳೆಯುತ್ತವೆ. ಇವುಗಳನ್ನು ಗೊತ್ತಾದ ದಿನಕ್ಕೆ ಬದಲಿಸುವುದು, ತೊಳೆಯುವುದು ಸರಿಯಾದ ಕ್ರಮ.

ಮೂರನೆಯ ನಂಬಿಕೆ: ರುಚಿಗಾಗಿ ಸ್ವಲ್ಪ ಮೂಲ ನೀರನ್ನು ಬೆರೆಸಬಹುದು

ಅನೇಕ ಯಂತ್ರಗಳಲ್ಲಿ ‘ಟಿಡಿಎಸ್ ಕಂಟ್ರೋಲರ್’ ಎಂಬ ತಿರುಪು ಇರುತ್ತದೆ. ಮೆಂಬ್ರೇನ್ ದಾಟದ ನೀರನ್ನು ಸ್ವಲ್ಪ ಬೆರೆಸಿ, ಸಪ್ಪೆಯಾದ ನೀರಿಗೆ ರುಚಿ ತರುವುದು ಅದರ ಕೆಲಸ. ಖನಿಜಗಳಿಲ್ಲದ ನೀರು ಒಳ್ಳೆಯದಲ್ಲ ಎಂಬ ಮಾತನ್ನೂ ಇದಕ್ಕೆ ಜೋಡಿಸುತ್ತಾರೆ. ಮೂಲ ನೀರಿನಲ್ಲಿ ಉಪ್ಪಿನಂಶ ಮಾತ್ರ ಹೆಚ್ಚಿದ್ದು ಬೇರೇನೂ ದೋಷವಿಲ್ಲದಿದ್ದರೆ ಇದಕ್ಕೆ ಆಕ್ಷೇಪವಿಲ್ಲ. ಆದರೆ ಫ್ಲೋರೈಡ್ ಇರುವ ಊರಿನಲ್ಲಿ?

ಮೂಲ ನೀರಿನಲ್ಲಿ ಟಿಡಿಎಸ್ 1200, ಫ್ಲೋರೈಡ್ 4 ಮಿ.ಗ್ರಾಂ ಇರಲಿ. ಮೆಂಬ್ರೇನ್ ದಾಟಿದ ನೀರಿನಲ್ಲಿ ಅವು ಕ್ರಮವಾಗಿ 80 ಮತ್ತು 0.3 ಇರಲಿ. ನಾಲ್ಕರಲ್ಲಿ ಒಂದು ಪಾಲು ಮೂಲ ನೀರನ್ನು ಬೆರೆಸಿದರೆ ಟಿಡಿಎಸ್ 360 ಆಗುತ್ತದೆ. ಮೀಟರ್ ‘ಒಳ್ಳೆಯ ನೀರು’ ಎನ್ನುತ್ತದೆ. ಫ್ಲೋರೈಡ್ ಮಾತ್ರ 1.2 ಮಿ.ಗ್ರಾಂ ದಾಟಿ ಮಿತಿಯನ್ನು ಮೀರಿರುತ್ತದೆ. ಇದೇ ಲೆಕ್ಕವನ್ನು 100 ಮೈಕ್ರೋಗ್ರಾಂ ಆರ್ಸೆನಿಕ್ ಇರುವ ನೀರಿಗೆ ಮಾಡಿ. ಮೆಂಬ್ರೇನ್ ಅದನ್ನು 5ಕ್ಕೆ ಇಳಿಸಿದ್ದರೂ ಬೆರೆಸಿದ ನೀರಿನಲ್ಲಿ ಸುಮಾರು 29 ಮೈಕ್ರೋಗ್ರಾಂ ಇರುತ್ತದೆ, ಮಿತಿಯ ಮೂರು ಪಟ್ಟಿನ ಹತ್ತಿರ. ಹಣ ಕೊಟ್ಟು ತೆಗೆಸಿದ ವಿಷವನ್ನು ತಿರುಪು ತಿರುಗಿಸಿ ಮತ್ತೆ ಸೇರಿಸಿಕೊಂಡಂತಾಯಿತು. ಇಂತಹ ಊರುಗಳಲ್ಲಿ ಈ ತಿರುಪು ಪೂರ್ತಿ ಮುಚ್ಚಿರಬೇಕು. ಖನಿಜಗಳು ಬೇಕಾದರೆ ಜೋಳದ ರೊಟ್ಟಿ, ಸೊಪ್ಪು, ಬೇಳೆ, ಮಜ್ಜಿಗೆಗಳಲ್ಲಿ ಅವು ಸಾಕಷ್ಟಿವೆ.

ಹೊರಬಿಟ್ಟ ನೀರನ್ನು ಮರೆಯಬೇಡಿ

ಶುದ್ಧ ನೀರಿನ ಬಗ್ಗೆ ಮಾತನಾಡುವಾಗ ಹೊರಹೋದ ನೀರು ಮರೆತೇಹೋಗುತ್ತದೆ. ಮೆಂಬ್ರೇನ್ ಏನನ್ನೂ ನಾಶಮಾಡುವುದಿಲ್ಲ, ಬೇರ್ಪಡಿಸುತ್ತದೆ ಅಷ್ಟೆ. 4 ಮಿ.ಗ್ರಾಂ ಫ್ಲೋರೈಡ್ ಇರುವ ನೀರಿನಲ್ಲಿ ಅರ್ಧದಷ್ಟನ್ನು 0.3ಕ್ಕೆ ಇಳಿಸಿದರೆ ಉಳಿದ ಅರ್ಧದಲ್ಲಿ 7.7 ಮಿ.ಗ್ರಾಂ ಇರಲೇಬೇಕು. ನೀರಿನ ಕೊರತೆಯಿರುವ ಕಡೆ ಈ ನೀರನ್ನು ನೆಲ ಒರೆಸಲು, ಶೌಚಾಲಯಕ್ಕೆ ಬಳಸುವುದು ಜಾಣತನ. ಆದರೆ ಅದು ದನಗಳು ಕುಡಿಯುವ ತೊಟ್ಟಿಗೆ ಸೇರಬಾರದು. ಆರ್ಸೆನಿಕ್ ಇರುವ ಕಡೆ ಕೈತೋಟಕ್ಕೂ ಬೇಡ. ನೀರು ಉಳಿಸಲೆಂದು ಹೊರಹೋಗುವ ಕೊಳವೆಯನ್ನು ಬಿಗಿಯುವವರೂ ಇದ್ದಾರೆ. ಹಾಗೆ ಮಾಡಿದರೆ ನಮ್ಮ ಗಡಸು ನೀರಿನ ಸುಣ್ಣ ಮೆಂಬ್ರೇನಿನ ಮೇಲೆಯೇ ಕಟ್ಟಿ ಅದು ಬೇಗ ಹಾಳಾಗುತ್ತದೆ.

ಇಲ್ಲಿಯೇ ಇನ್ನೊಂದು ಮಾತು. ನಲ್ಲಿಯಲ್ಲಿ ಶುದ್ಧೀಕರಿಸಿದ ನದಿಯ ನೀರು ಬರುತ್ತಿದ್ದು, ಪರೀಕ್ಷೆಯಲ್ಲಿ ಅದು ಎಲ್ಲ ಮಿತಿಗಳ ಒಳಗಿದ್ದರೆ ಆರ್‌ಒ ಯಂತ್ರವೇ ಅನಗತ್ಯ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಈ ಯಂತ್ರಗಳ ಬಳಕೆಯನ್ನು ತಡೆಯಬೇಕೆಂದು ಹೇಳಿದ್ದು ನೀರು ಪೋಲಾಗುವ ಕಾರಣಕ್ಕೆ. ಅಲ್ಲಿಯೂ ಟಿಡಿಎಸ್ ಒಂದನ್ನೇ ಅಳತೆಗೋಲಾಗಿ ಹಿಡಿಯುವ ಅಪಾಯವಿದೆ. ಟಿಡಿಎಸ್ 450 ಇರುವ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ 3 ಇರಲು ಯಾವ ಅಡ್ಡಿಯೂ ಇಲ್ಲ.

ಘಟಕದ ಗೋಡೆಯ ಮೇಲೆ ಏನು ಬರೆಯಬೇಕು?

ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಕೊಳ್ಳುವ ಘಟಕಗಳು ಈಗ ಹಳ್ಳಿಹಳ್ಳಿಯಲ್ಲಿವೆ. ಕೆಟ್ಟು ನಿಂತ ಘಟಕಗಳ ಸುದ್ದಿಯೂ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನಿಂತ ಘಟಕ ಕನಿಷ್ಠ ತಾನು ಕೆಟ್ಟಿದ್ದೇನೆ ಎಂದು ತಿಳಿಸುತ್ತದೆ. ಓಡುತ್ತಲೇ ಇದ್ದು ತನ್ನ ಕೆಲಸ ಮಾಡದ ಘಟಕ ಹೆಚ್ಚು ಅಪಾಯಕಾರಿ, ಏಕೆಂದರೆ ಜನ ಅದನ್ನು ನಂಬಿ ಕುಡಿಯುತ್ತಾರೆ. ಗೋಡೆಯ ಮೇಲೆ ಸಾಮಾನ್ಯವಾಗಿ ಯೋಜನೆಯ ಹೆಸರು, ಉದ್ಘಾಟನೆಯ ದಿನ, ವೆಚ್ಚ ಇವೆಲ್ಲ ಇರುತ್ತವೆ. ಕುಡಿಯುವವರಿಗೆ ಬೇಕಾದುದು ಬೇರೆ: ಮೂಲ ನೀರಿನಲ್ಲಿ ಫ್ಲೋರೈಡ್ ಮತ್ತು ಆರ್ಸೆನಿಕ್ ಎಷ್ಟು, ಶುದ್ಧ ನೀರಿನಲ್ಲಿ ಎಷ್ಟು, ಕೊನೆಯ ಪರೀಕ್ಷೆ ಯಾವಾಗ ಆಯಿತು, ಮೆಂಬ್ರೇನ್ ಯಾವಾಗ ಹಾಕಿದರು? ಈ ನಾಲ್ಕು ಸಾಲುಗಳಿಗೆ ಸೀಮೆಸುಣ್ಣ, ಒಂದು ಕರಿಹಲಗೆ ಸಾಕು.

ಶಿಕ್ಷಕರು ಇದನ್ನು ತಮ್ಮ ಶಾಲೆಯಿಂದಲೇ ಆರಂಭಿಸಬಹುದು. ಒಂದು ನೋಟ್‌ಬುಕ್ಕಿನಲ್ಲಿ ವಾರಕ್ಕೊಮ್ಮೆ ದಿನಾಂಕ, ನೀರಿನ ಉಷ್ಣತೆ, ಒಳಹೋಗುವ ಮತ್ತು ಹೊರಬರುವ ನೀರಿನ ಟಿಡಿಎಸ್, ಕೊಡ ತುಂಬಲು ಹಿಡಿದ ಸಮಯ ಇವುಗಳನ್ನು ವಿದ್ಯಾರ್ಥಿಗಳು ಬರೆಯಲಿ. ನುಸುಳುವ ಲವಣದ ಶೇಕಡಾವಾರನ್ನು ಲೆಕ್ಕಹಾಕಿ ನಕ್ಷೆ ಎಳೆಯಲಿ. ತಿಂಗಳಿಗೊಮ್ಮೆ ಫ್ಲೋರೈಡ್ ಪರೀಕ್ಷೆ ಮಾಡಲಿ. ಜಿರ್ಕೋನಿಯಂ-ಅಲಿಜರಿನ್ ದ್ರಾವಣದ ಗುಲಾಬಿ ಬಣ್ಣ ಫ್ಲೋರೈಡ್ ಹೆಚ್ಚಿದಷ್ಟೂ ಹಳದಿಗೆ ತಿರುಗುವುದನ್ನು ಅವರೇ ನೋಡಬಹುದು. ರೋಗಾಣುಗಳಿಗೆ, ಕಲುಷಿತ ನೀರು ಒಂದೆರಡು ದಿನಗಳಲ್ಲಿ ಕಪ್ಪಾಗುವ ಸಣ್ಣ ಸೀಸೆಯ ಪರೀಕ್ಷೆ ಇದೆ. ಜಲ ಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರಿನ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡುವ ಏರ್ಪಾಡು ಇದೆ. ನಿಮ್ಮ ಊರಿನಲ್ಲಿ ಅವರು ಯಾರೆಂದು ವಿಚಾರಿಸಿ, ತರಗತಿಗೆ ಕರೆಯಿರಿ. ಆರ್ಸೆನಿಕ್ ಪರೀಕ್ಷೆಯನ್ನು ಮಾತ್ರ ಮಕ್ಕಳ ಕೈಗೆ ಕೊಡಬೇಡಿ. ಆ ಕಿಟ್ಟಿನಲ್ಲಿ ಹುಟ್ಟುವ ಆರ್ಸೀನ್ ಅನಿಲ ವಿಷಕಾರಿ. ಮಾದರಿಯನ್ನು ಜಿಲ್ಲೆಯ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕಳಿಸುವುದೇ ಸರಿ.

ಹೀಗೆ ಒಂದು ವರ್ಷದ ಅಂಕಿಗಳು ಸೇರಿದರೆ ‘ನಮ್ಮ ಶಾಲೆಯ ನೀರು ಶುದ್ಧವೇ?’ ಎಂಬ ಪ್ರಶ್ನೆಗೆ ವಿದ್ಯಾರ್ಥಿಗಳು ಮಾರಾಟಗಾರರನ್ನು ಕೇಳಬೇಕಾಗಿಲ್ಲ, ಅವರೇ ಉತ್ತರ ಹೇಳಬಲ್ಲರು. ಯಾವ ಉಪಕರಣವೇ ಆಗಲಿ, ಅದು ಏನನ್ನು ಅಳೆಯುತ್ತದೆ, ಏನನ್ನು ಅಳೆಯುವುದಿಲ್ಲ ಎಂದು ಕೇಳುವ ಅಭ್ಯಾಸ ವಿಜ್ಞಾನ ಶಿಕ್ಷಣದ ಮುಖ್ಯ ಭಾಗ. ಮುಂದಿನ ಬಾರಿ ಯಾರಾದರೂ ನಿಮ್ಮ ಲೋಟದಲ್ಲಿ ಮೀಟರ್ ಅದ್ದಿ ಸಂಖ್ಯೆ ತೋರಿಸಿದಾಗ, ‘ಇದರಲ್ಲಿ ಫ್ಲೋರೈಡ್ ಎಷ್ಟಿದೆ?’ ಎಂದು ಕೇಳಿ ನೋಡಿ.